ಸೈಕಾಲಜಿ ಓದಿದವರೆಲ್ಲ ಚಿಕಿತ್ಸೆ ಕೊಡಬಹುದಾ?

ಹೊನ್ನಾವರದ ನನ್ನ ಅಕ್ಕನ ಮಗಳು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಬಿಎ ಮುಗಿಸಿದಳು. ಸೈಕಾಲಜಿ ಅವಳ ಇಷ್ಟದ ವಿಷಯ. ಎಂಎಯನ್ನು ಊರಲ್ಲೇ ಇದ್ದು ದೂರಶಿಕ್ಷಣದಲ್ಲಿ ಮಾಡುವುದು ಎಂದು ತಾಯಿ ಮಗಳು ತೀರ್ಮಾನ ಮಾಡಿಕೊಂಡಿದ್ದರು. ಖರ್ಚು ಕಡಿಮೆ, ಅಜ್ಜಿಯನ್ನು ನೋಡಿಕೊಂಡ ಹಾಗೂ ಆಯ್ತು. ಒಂದು ದಿನ ಫೋನ್ ಮಾಡಿದಳು. "ಮಾವ, ಸೈಕಾಲಜಿ ಎಂಎ ಮನೆಯಲ್ಲಿ ಕೂತು ಮಾಡೋದು ಬಂದ್ ಆಯ್ತಂತೆ, ಹೌದಾ? ಆನ್‌ಲೈನಲ್ಲಿ ಮೂರು ತಿಂಗಳ ಥೆರಪಿ ಕೋರ್ಸ್ ಇದೆ. ಅದು ಮಾಡಿದ್ರೆ ಸಾಕಾಗ್ತದಾ?"

ಆ ಕ್ಷಣಕ್ಕೆ ನಾನು ಉತ್ತರ ಕೊಡಲಿಲ್ಲ. ಓದಿ, ತಿಳಿದವರನ್ನು ಕೇಳಿ ಹೇಳ್ತೇನೆ ಎಂದೆ. ಅವಳಿಗಾಗಿ ಬರೆದಿಟ್ಟದ್ದೇ ಬೆಳೆದು ಈ ಲೇಖನವಾಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕುಮಟಾ, ಅಂಕೋಲಾ ಕಡೆಯ ಬೇರೆ ಮನೆಗಳಲ್ಲೂ ಇದೇ ಪ್ರಶ್ನೆ ಇದೆ ಎಂದು ಆಮೇಲೆ ಗೊತ್ತಾಯಿತು. ಹಾಗಾಗಿ ಬುಡದಿಂದ ಬಿಡಿಸಿ ಬರೆದಿದ್ದೇನೆ.

## ಈಗ ಯಾಕೆ ಈ ಗಡಿಬಿಡಿ?

2025ರ ಮಳೆಗಾಲದಲ್ಲಿ ಒಂದರ ಹಿಂದೆ ಒಂದು ಎರಡು ಸುದ್ದಿ ಬಂದವು.

ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಆತ್ಮಹತ್ಯೆಗೆ ಸಂಬಂಧಿಸಿದ ಪ್ರಕರಣದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಅರ್ಹತೆಯಿರುವ ಒಬ್ಬ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸಮಾಜ ಕಾರ್ಯಕರ್ತರು ಇರಲೇಬೇಕು. ಅವರಿಗೆ ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಆಗಿರಬೇಕು. ನಿಮ್ಮ ತಾಲೂಕಿನ ಹೈಸ್ಕೂಲು, ಪಿಯು ಕಾಲೇಜುಗಳನ್ನು ಸುಮ್ನೆ ಒಮ್ಮೆ ಬೆರಳಲ್ಲಿ ಎಣಿಸಿ ನೋಡಿ. ಎಷ್ಟು ಜನ ಬೇಕಾಗುತ್ತಾರೆ ಎಂಬ ಅಂದಾಜು ಸಿಗುತ್ತದೆ.

ಮರುತಿಂಗಳೇ ಇನ್ನೊಂದು ಸುದ್ದಿ. ಆರೋಗ್ಯಕ್ಕೆ ಸಂಬಂಧಿಸಿದ ಕೆಲವು ಕೋರ್ಸುಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಡಬಾರದು ಎಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ವಿಶ್ವವಿದ್ಯಾಲಯಗಳಿಗೆ ಸೂಚಿಸಿತು. ಆ ಪಟ್ಟಿಯಲ್ಲಿ ಸೈಕಾಲಜಿ ಇತ್ತು. 2025ರ ಜುಲೈ-ಆಗಸ್ಟ್ ಸಾಲಿನ ಪ್ರವೇಶದಿಂದಲೇ ಇದು ಜಾರಿ ಎಂದಿತು. ಇದರ ಹಿಂದಿರುವುದು 2021ರ ಒಂದು ಕೇಂದ್ರ ಕಾಯ್ದೆ. ಡಾಕ್ಟರು, ನರ್ಸುಗಳನ್ನು ಬಿಟ್ಟು ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವ ಉಳಿದವರಿಗೂ ಒಂದು ಆಯೋಗ, ಒಂದು ನೋಂದಣಿ ಪಟ್ಟಿ, ಒಂದೇ ಮಟ್ಟದ ಕಲಿಕೆ ಇರಬೇಕು ಎನ್ನುವ ಕಾಯ್ದೆ ಅದು. ಫಿಸಿಯೋಥೆರಪಿಸ್ಟ್, ಲ್ಯಾಬ್ ಟೆಕ್ನಿಶಿಯನ್ ಜೊತೆಗೆ ಸೈಕಾಲಜಿಸ್ಟ್‌ಗಳೂ ಅದರೊಳಗೆ ಬಂದರು.

ಅಲ್ಲಿಗೆ ಸೈಕಾಲಜಿ ಎಂದರೆ ಇತಿಹಾಸ, ಅರ್ಥಶಾಸ್ತ್ರದಂತೆ ಪುಸ್ತಕ ಓದಿ ಪರೀಕ್ಷೆ ಬರೆಯುವ ವಿಷಯ ಮಾತ್ರ ಅಲ್ಲ, ನರ್ಸಿಂಗ್‌ನಂತೆ ಕೈಯಾರೆ ಕಲಿಯಬೇಕಾದ ಕೆಲಸ ಎಂದಾಯಿತು. ಕೇಳಿದಾಗ ನನಗೂ ಬೇಸರ ಆಯ್ತು. ಘಟ್ಟದ ಮೇಲಿನ ಹಳ್ಳಿಯಲ್ಲಿ ಮದುವೆಯಾಗಿ ಮಕ್ಕಳಿರುವ ಹೆಣ್ಣುಮಕ್ಕಳು ದೂರಶಿಕ್ಷಣದಿಂದಲೇ ಎಂಎ ಮಾಡಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಅವರಿಗೆ ಬೇರೆ ದಾರಿ ಇರಲಿಲ್ಲ. ಆದರೂ ಕಾರಣ ತಿಳಿದ ಮೇಲೆ ಈ ನಿಯಮ ಅರ್ಥವಾಯಿತು.

## ಬೋರ್ಡಿನ ಮೇಲಿನ ಹೆಸರುಗಳು

ಮೊದಲು ಹೆಸರುಗಳ ಗೊಂದಲ ಬಿಡಿಸೋಣ. ನಮ್ಮ ಕಡೆ ಎಲ್ಲರಿಗೂ ಒಂದೇ ಮಾತು, "ಮನಸ್ಸಿನ ಡಾಕ್ಟ್ರು". ನಿಜವಾಗಿ ಅಲ್ಲಿ ನಾಲ್ಕೈದು ತರದ ಜನ ಇದ್ದಾರೆ. ಅವರ ಓದು ಬೇರೆ, ಕೆಲಸ ಬೇರೆ.

ಸೈಕಿಯಾಟ್ರಿಸ್ಟ್ ಅಂದರೆ ಮನೋವೈದ್ಯರು. ಮೊದಲು ಎಂಬಿಬಿಎಸ್, ಆಮೇಲೆ ಮೂರು ವರ್ಷದ ಎಂಡಿ ಅಥವಾ ಅದಕ್ಕೆ ಸಮನಾದ ಓದು. ಇವರು ವೈದ್ಯರಾದ್ದರಿಂದ ಮಾತ್ರೆ ಬರೆಯಬಹುದು.

ಕ್ಲಿನಿಕಲ್ ಸೈಕಾಲಜಿಸ್ಟ್ ವೈದ್ಯರಲ್ಲ. ಮಾತ್ರೆ ಬರೆಯುವಂತಿಲ್ಲ. ಸೈಕಾಲಜಿಯಲ್ಲಿ ಎಂಎ ಅಥವಾ ಎಂಎಸ್ಸಿ ಆದ ಮೇಲೆ ಆಸ್ಪತ್ರೆಯಲ್ಲಿದ್ದು ಎರಡು ವರ್ಷ ಪೂರ್ಣಾವಧಿ ತರಬೇತಿ ಪಡೆದವರು. ಕಾಯಿಲೆ ಯಾವುದು ಎಂದು ಗುರುತಿಸುವುದು, ಬುದ್ಧಿಮತ್ತೆ ಮತ್ತು ನೆನಪಿನ ಶಕ್ತಿಯ ಪರೀಕ್ಷೆ ಮಾಡುವುದು, ಮಾತಿನ ಮೂಲಕ ಚಿಕಿತ್ಸೆ ಕೊಡುವುದು ಇವರ ಕೆಲಸ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಹೆಸರಿಗೆ ಯಾರು ಅರ್ಹರು ಎಂದು ಸ್ಪಷ್ಟವಾಗಿ ಬರೆದಿದೆ. ಸ್ನಾತಕೋತ್ತರ ಪದವಿಯ ಜೊತೆಗೆ ಮೇಲ್ವಿಚಾರಣೆಯಲ್ಲಿ ಆದ ಎರಡು ವರ್ಷದ ಕ್ಲಿನಿಕಲ್ ತರಬೇತಿ ಬೇಕು, ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ಒಪ್ಪಿಗೆ ಇರಬೇಕು. ಈ ಪರಿಷತ್ತನ್ನು ಎಲ್ಲರೂ ಆರ್‌ಸಿಐ ಎನ್ನುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ನೋಂದಣಿ ನಡೆಯುವುದು ಅಲ್ಲೇ.

ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಎಂಬ ಇನ್ನೊಬ್ಬರಿದ್ದಾರೆ. ಇವರ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ಎಂಎಸ್‌ಡಬ್ಲ್ಯು, ಅಂದರೆ ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿ, ಮನೋವೈದ್ಯಕೀಯ ಸಮಾಜ ಕಾರ್ಯದಲ್ಲಿ ಮುಂದಿನ ತರಬೇತಿ ಪಡೆದವರು. ರೋಗಿಯ ಮನೆ, ಕೆಲಸ, ಸಾಲ, ಪಿಂಚಣಿ, ಗಂಡ ಹೆಂಡಿರ ಸಂಬಂಧ ಎಲ್ಲವನ್ನೂ ಸೇರಿಸಿ ನೋಡುವವರು ಇವರು. ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಆ ಮನುಷ್ಯ ಮತ್ತೆ ತೋಟಕ್ಕೆ, ಅಂಗಡಿಗೆ, ದೋಣಿಗೆ ಹೋಗುತ್ತಾನಾ ಇಲ್ಲವಾ ಎನ್ನುವುದು ಎಷ್ಟೋ ಸಲ ಇವರ ಕೆಲಸದ ಮೇಲೆ ನಿಂತಿರುತ್ತದೆ. ಜನರ ನಡುವೆ ಓಡಾಡುವುದು ಇಷ್ಟ ಇರುವವರು ಈ ದಾರಿಯನ್ನು ಗಂಭೀರವಾಗಿ ನೋಡಬೇಕು ಎಂದು ನನಗನಿಸುತ್ತದೆ. ಬಿಎಸ್ಸಿ ನರ್ಸಿಂಗ್ ಆದವರಿಗೆ ಮನೋವೈದ್ಯಕೀಯ ನರ್ಸಿಂಗ್‌ನಲ್ಲಿ ಎಂಎಸ್ಸಿಯೂ ಇದೆ.

ಕೊನೆಗೆ ಕೌನ್ಸೆಲರ್, ಅಂದರೆ ಆಪ್ತ ಸಮಾಲೋಚಕರು. ತೊಂದರೆ ಇರುವುದು ಇಲ್ಲೇ. ಈ ಹೆಸರಿಗೆ ಇಷ್ಟು ದಿನ ಗಟ್ಟಿಯಾದ ಬೇಲಿ ಇರಲಿಲ್ಲ. ಎಂಎ ಮಾಡಿ, ವರ್ಷಗಟ್ಟಲೆ ಕಲಿತು ಶ್ರದ್ಧೆಯಿಂದ ಕೆಲಸ ಮಾಡುವವರೂ ಕೌನ್ಸೆಲರ್. ಎರಡು ದಿನದ ಶಿಬಿರ ಮುಗಿಸಿ ಬೋರ್ಡ್ ಹಾಕಿದವರೂ ಕೌನ್ಸೆಲರ್. ನಮ್ಮ ಮನೆಯವರೇ ಒಬ್ಬರು ಒಂದು ಊರಿನಲ್ಲಿ ಇಂಥ ಬೋರ್ಡ್ ನೋಡಿ ಒಳಗೆ ಹೋದರು. "ಮಾತ್ರೆ ಎಲ್ಲ ಬಿಟ್ಟುಬಿಡಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎಂಬ ಸಲಹೆ ಸಿಕ್ಕಿತು. ಬಿಟ್ಟರು. ಒಂದು ತಿಂಗಳೊಳಗೆ ರಾತ್ರಿ ನಿದ್ರೆ ಹೋಗಿ, ಮಾತು ಜಾಸ್ತಿಯಾಗಿ, ಆಸ್ಪತ್ರೆ ಸೇರಬೇಕಾಯಿತು. ಸಲಹೆ ಕೊಟ್ಟವರು ಕೆಟ್ಟವರಲ್ಲ. ತಮಗೆ ಏನು ಗೊತ್ತಿಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲ, ಅದನ್ನು ತೋರಿಸಿಕೊಡುವ ಹಿರಿಯರು ಪಕ್ಕದಲ್ಲಿ ಇರಲಿಲ್ಲ.

## ಮಾತಿನ ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ?

ಮನೆಯಲ್ಲಿ ಯಾರಿಗಾದರೂ ಬೇಜಾರಾದರೆ ನಾವೆಲ್ಲ ಮಾತಾಡುತ್ತೇವೆ. "ಧೈರ್ಯ ತಗೋ, ಎಲ್ಲ ಸರಿ ಆಗ್ತದೆ" ಎನ್ನುತ್ತೇವೆ. ಅದು ಬೇಕೇ ಬೇಕು, ಶೀತಕ್ಕೆ ಶುಂಠಿ ಕಾಳುಮೆಣಸಿನ ಕಷಾಯ ಬೇಕಾದ ಹಾಗೆ. ಆದರೆ ನ್ಯುಮೋನಿಯಾಕ್ಕೆ ಕಷಾಯ ಸಾಲದು. ವಾರಗಟ್ಟಲೆ ಏಳಲಾಗದ ಖಿನ್ನತೆಗೆ "ಧೈರ್ಯ ತಗೋ" ಸಾಲುವುದಿಲ್ಲ. ಅಲ್ಲಿ ಬೇಕಾಗುವುದು ಲೆಕ್ಕಾಚಾರ ಇರುವ ಮಾತು.

ಒಂದು ಉದಾಹರಣೆ. ಇದು ಕಲ್ಪಿಸಿಕೊಂಡದ್ದು, ಆದರೆ ಸಿದ್ದಾಪುರ, ಶಿರಸಿ ಕಡೆಯವರಿಗೆ ಹೊಸದೇನಲ್ಲ. ಒಬ್ಬ ಬೆಳೆಗಾರರ ಅಡಿಕೆಗೆ ಕೊಳೆರೋಗ ಬಂತು. ಸೊಸೈಟಿ ಸಾಲ ಇದೆ. "ನನ್ನ ಕೈಲಿ ಏನೂ ಆಗಲ್ಲ" ಎಂಬ ಯೋಚನೆ ತಲೆಯಲ್ಲಿ ಕೂತಿತು. ಯೋಚನೆಯಿಂದ ಎದೆ ಭಾರ. ಎದೆ ಭಾರ ಅಂತ ತೋಟಕ್ಕೆ ಇಳಿಯುವುದು ಬಿಟ್ಟರು. ಇಳಿಯದ್ದಕ್ಕೆ ಕೊಳೆ ಇನ್ನೂ ಹಬ್ಬಿತು. "ನೋಡು, ಹೇಳಿದ್ನಲ್ಲ, ನನ್ನ ಕೈಲಿ ಏನೂ ಆಗಲ್ಲ." ಇದೊಂದು ಸುಳಿ. ಯೋಚನೆ ಭಾವನೆಯನ್ನು ಎಳೆಯುತ್ತದೆ, ಭಾವನೆ ನಡವಳಿಕೆಯನ್ನು ಎಳೆಯುತ್ತದೆ, ನಡವಳಿಕೆ ಮತ್ತೆ ಅದೇ ಯೋಚನೆಗೆ ಸಾಕ್ಷಿ ತಂದುಕೊಡುತ್ತದೆ.

ಈ ಸುಳಿಯನ್ನು ಬಿಡಿಸುವ ಚಿಕಿತ್ಸೆಗೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎನ್ನುತ್ತಾರೆ, ಚಿಕ್ಕದಾಗಿ ಸಿಬಿಟಿ. 1960ರ ದಶಕದಲ್ಲಿ ಆರನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರು ಇದಕ್ಕೆ ರೂಪ ಕೊಟ್ಟರು. ಚಿಕಿತ್ಸಕರು "ಹಾಗೆಲ್ಲ ಯೋಚನೆ ಮಾಡಬೇಡಿ" ಎನ್ನುವುದಿಲ್ಲ. ಕೇಳುತ್ತಾರೆ. ಹಿಂದೆ ಕೊಳೆ ಬಂದ ವರ್ಷ ಏನು ಮಾಡಿದಿರಿ? ಏನೂ ಆಗಲ್ಲ ಎನ್ನುವುದಕ್ಕೆ ಏನು ಆಧಾರ, ಅದಕ್ಕೆ ವಿರುದ್ಧ ಏನಿದೆ? ಇನ್ನೊಂದು ಕಡೆಯಿಂದ ನಡವಳಿಕೆಯನ್ನೂ ಹಿಡಿಯುತ್ತಾರೆ. ನಾಳೆ ಬೆಳಿಗ್ಗೆ ಹತ್ತೇ ನಿಮಿಷ ತೋಟಕ್ಕೆ ಇಳಿಯಿರಿ, ಕೆಲಸ ಮಾಡಲೇಬೇಕು ಅಂತಿಲ್ಲ, ಬಂದು ಮನಸ್ಸಿಗೆ ಹೇಗನಿಸಿತು ಎಂದು ಬರೆದಿಡಿ. ಉತ್ಸಾಹ ಬಂದ ಮೇಲೆ ಕೆಲಸ ಎಂದು ನಾವು ಅಂದುಕೊಂಡಿದ್ದೇವೆ. ಖಿನ್ನತೆಯಲ್ಲಿ ಅದು ಉಲ್ಟಾ. ಚೂರು ಕೆಲಸ ಮೊದಲು, ಉತ್ಸಾಹ ಅದರ ಹಿಂದೆ ನಿಧಾನಕ್ಕೆ ಬರುತ್ತದೆ.

ಭಯದ ಚಿಕಿತ್ಸೆ ಬೇರೆ ತರ. ಕುಮಟಾ ಬಸ್ಸು ದೇವಿಮನೆ ಘಟ್ಟ ಇಳಿಯುವಾಗ ಒಬ್ಬರಿಗೆ ಒಮ್ಮೆಲೇ ಎದೆ ಹೊಡೆದುಕೊಂಡು, ಉಸಿರು ಕಟ್ಟಿ, ಸತ್ತೇ ಹೋಗ್ತೇನೆ ಅನಿಸಿತು ಎಂದುಕೊಳ್ಳಿ. ಅಂದಿನಿಂದ ಬಸ್ಸು ಹತ್ತುವುದಿಲ್ಲ. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ. ಯಾಕೆಂದರೆ, ಅಲ್ಲೇ ಕೂತಿದ್ದರೆ ಭಯ ಏರಿ ತಾನಾಗಿಯೇ ಇಳಿಯುತ್ತದೆ ಎಂಬುದನ್ನು ಕಲಿಯಲು ಮನಸ್ಸಿಗೆ ಅವಕಾಶವೇ ಸಿಗುವುದಿಲ್ಲ. ಹಾಗಾಗಿ ಚಿಕಿತ್ಸೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಮೊದಲು ನಿಂತ ಬಸ್ಸಿನಲ್ಲಿ ಕೂರುವುದು. ಆಮೇಲೆ ಒಂದು ಸ್ಟಾಪ್. ಆಮೇಲೆ ಘಟ್ಟದ ಮೊದಲ ತಿರುವು.

ಇವೆರಡೇ ಅಲ್ಲ. ಬಾಲ್ಯದ ಸಂಬಂಧಗಳ ನೆರಳನ್ನು ಹುಡುಕುವ ಪದ್ಧತಿ ಇದೆ, ಅದರ ಬೇರು ಫ್ರಾಯ್ಡ್‌ವರೆಗೆ ಹೋಗುತ್ತದೆ. ಕಾರ್ಲ್ ರೋಜರ್ಸ್ ಹಾಕಿಕೊಟ್ಟ, ತೀರ್ಪು ಕೊಡದೆ ಕೇಳುವ ಪದ್ಧತಿ ಇದೆ. ಇಡೀ ಮನೆಯವರನ್ನು ಕೂರಿಸಿ ಮಾಡುವ ಕುಟುಂಬ ಚಿಕಿತ್ಸೆ ಇದೆ. ಯಾರಿಗೆ ಯಾವುದು ಹೊಂದುತ್ತದೆ ಎಂದು ಆರಿಸುವುದೂ ಕಲಿಕೆಯ ಭಾಗ.

## ಓದಿ ತಿಳಿಯುವುದಕ್ಕೂ ಕೂತು ಕಲಿಯುವುದಕ್ಕೂ ಇರುವ ದೂರ

ಇಲ್ಲಿವರೆಗೆ ಓದಿದವರು, "ಇಷ್ಟೇನಾ? ಇದನ್ನು ಪುಸ್ತಕದಲ್ಲೇ ಓದಬಹುದಲ್ಲ" ಎನ್ನಬಹುದು. ಮತ್ತೆ ಆ ಬಸ್ಸಿನ ಉದಾಹರಣೆಗೇ ಬರೋಣ. ಎದೆ ಹೊಡೆದುಕೊಂಡದ್ದು ನಿಜವಾಗಿ ಹೃದಯದ ತೊಂದರೆಯಾಗಿದ್ದರೆ? ತೋಟಕ್ಕೆ ಇಳಿಯದವರ ಸುಸ್ತು ಥೈರಾಯ್ಡ್ ಕಡಿಮೆಯಾಗಿ ಬಂದದ್ದಾಗಿದ್ದರೆ? ಥೈರಾಯ್ಡ್ ಕೊರತೆ ಥೇಟ್ ಖಿನ್ನತೆಯ ಹಾಗೇ ಕಾಣಿಸಬಹುದು. ಈಗ ಬೇಜಾರಿನಲ್ಲಿರುವ ವ್ಯಕ್ತಿ ಎರಡು ವರ್ಷದ ಹಿಂದೆ ವಾರಗಟ್ಟಲೆ ನಿದ್ದೆಯಿಲ್ಲದೆ, ದುಡ್ಡು ಚೆಲ್ಲಾಡಿ, ಲೋಕವೇ ತನ್ನದು ಎಂಬಂತೆ ಇದ್ದರೆ, ಅದು ಬೈಪೋಲಾರ್ ಕಾಯಿಲೆ ಇರಬಹುದು. ಅದರ ಚಿಕಿತ್ಸೆಯೇ ಬೇರೆ. ಆ ಹಳೆಯ ಸಂಗತಿಯನ್ನು ಅವರಾಗಿ ಹೇಳುವುದಿಲ್ಲ. ಕೇಳಬೇಕು ಎಂದು ಗೊತ್ತಿದ್ದವರು ಮಾತ್ರ ಕೇಳುತ್ತಾರೆ.

ಇನ್ನೊಂದು ಪ್ರಶ್ನೆ ಕೇಳುವುದಕ್ಕೇ ಧೈರ್ಯ ಬೇಕು. "ಸಾಯಬೇಕು ಅನಿಸ್ತದಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಅದು ತಪ್ಪು. ಕಾಳಜಿಯಿಂದ ನೇರವಾಗಿ ಕೇಳಿದರೆ ಅಪಾಯ ಹೆಚ್ಚುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಆದರೆ "ಹೌದು" ಎಂಬ ಉತ್ತರ ಬಂದಾಗ ಏನು ಮಾಡಬೇಕು? ಕೈ ನಡುಗದೆ ಮುಂದಿನ ಮಾತು ಆಡುವುದು ಹೇಗೆ? ಮನೆಯವರಿಗೆ ಏನು ಹೇಳಬೇಕು, ರಾತ್ರಿ ಯಾರು ಜೊತೆಗಿರಬೇಕು, ತೋಟಕ್ಕೆ ಸಿಂಪಡಿಸುವ ವಿಷದ ಬಾಟಲಿ ಎಲ್ಲಿಡಬೇಕು? ಇದನ್ನು ಪುಸ್ತಕ ಹೇಳೀತು. ಕಲಿಸುವುದು ಮಾತ್ರ ಪಕ್ಕದಲ್ಲಿ ಕೂತ ಹಿರಿಯರು.

ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಬೇಗ ಅರ್ಥವಾಗಬೇಕು. ಪ್ರಸಂಗದ ಪದ್ಯ ಪೂರ್ತಿ ಬಾಯಿಗೆ ಬರುತ್ತದೆ ಎಂದು ಯಾರಿಗೂ ಮೊದಲ ದಿನವೇ ಕರ್ಣನ ವೇಷ ಕೊಡುವುದಿಲ್ಲ. ಹಿಂದಿನ ಮೇಳಗಳಲ್ಲಿ ಹುಡುಗ ಕೋಡಂಗಿಯಾಗಿ ರಂಗಕ್ಕೆ ಬರುತ್ತಿದ್ದ. ಆಮೇಲೆ ಬಾಲಗೋಪಾಲ, ಆಮೇಲೆ ಸಣ್ಣಪುಟ್ಟ ವೇಷ. ಹೆಜ್ಜೆ ತಪ್ಪಿದರೆ ಭಾಗವತರ ತಾಳವೇ ತಿದ್ದುತ್ತಿತ್ತು. ಆಟ ಮುಗಿದು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಬಂದ ಮೇಲೆ ಹಿರಿಯ ವೇಷಧಾರಿ ಕರೆದು ಎಲ್ಲಿ ತಪ್ಪಿದೆ ಎಂದು ಹೇಳುತ್ತಿದ್ದರು.

ಕ್ಲಿನಿಕಲ್ ತರಬೇತಿಯಲ್ಲಿ ಈ ಚೌಕಿಯ ಮಾತಿಗೆ ಸೂಪರ್‌ವಿಷನ್ ಎನ್ನುತ್ತಾರೆ. ವಿದ್ಯಾರ್ಥಿ ರೋಗಿಯ ಜೊತೆ ಕೂತು ಇಡೀ ಕತೆ ಕೇಳಿ ಬರೆದುಕೊಳ್ಳುತ್ತಾಳೆ. ಆಮೇಲೆ ಹಿರಿಯರ ಮುಂದೆ ಒಪ್ಪಿಸುತ್ತಾಳೆ. ಅವರು ಕೇಳುತ್ತಾರೆ: ನಿದ್ದೆ ಎಷ್ಟು ಗಂಟೆಗೆ ಬಿಡ್ತದೆ ಅಂತ ಕೇಳಿದ್ಯಾ? ಅವರು ಅಳುವಾಗ ನೀನು ಯಾಕೆ ವಿಷಯ ಬದಲಾಯಿಸಿದೆ? ಈ ಎರಡನೇ ಪ್ರಶ್ನೆ ಮುಖ್ಯ. ನಮಗೆ ಸಹಿಸಲಾಗದ್ದು ಬಂದಾಗ ನಾವು ತಿಳಿಯದೇ ಮಾತು ತಿರುಗಿಸುತ್ತೇವೆ. ತಂದೆಯನ್ನು ಕಳೆದುಕೊಂಡ ವಿದ್ಯಾರ್ಥಿನಿಯ ಮುಂದೆ ತಂದೆಯನ್ನು ಕಳೆದುಕೊಂಡ ರೋಗಿ ಬಂದರೆ, ಅವಳ ದುಃಖವೂ ಕೋಣೆಯೊಳಗೆ ಬಂದು ಕೂರುತ್ತದೆ. ಅದನ್ನು ಗಮನಿಸಿ ಹೇಳುವ ಒಬ್ಬರು ಬೇಕು. ವಾರಕ್ಕೊಮ್ಮೆ, ಎರಡು ವರ್ಷ.

ಮೂರು ತಿಂಗಳ ಆನ್‌ಲೈನ್ ಕೋರ್ಸಿನಲ್ಲಿ ವಿಡಿಯೋ ಚೆನ್ನಾಗಿರಬಹುದು, ಸರ್ಟಿಫಿಕೇಟ್‌ಗೆ ಚಿನ್ನದ ಅಂಚೂ ಇರಬಹುದು. ಈ ಒಬ್ಬರು ಅದರಲ್ಲಿ ಇರುವುದಿಲ್ಲ. ಸಾಮಾನ್ಯ ಎಂಎಯಲ್ಲೂ ಇದು ಸ್ವಲ್ಪವೇ. ಎರಡು ವರ್ಷದ ಎಂಎ ನಮಗೆ ಮನಸ್ಸಿನ ಬಗ್ಗೆ ತಿಳಿಸುತ್ತದೆ: ಕಲಿಕೆ, ನೆನಪು, ವ್ಯಕ್ತಿತ್ವ, ಕಾಯಿಲೆಗಳ ಪರಿಚಯ, ಅಂಕಿಅಂಶ, ಸಂಶೋಧನೆಯ ವಿಧಾನ. ಅಡಿಪಾಯಕ್ಕೆ ಇದೆಲ್ಲ ಬೇಕು. ಸ್ವಂತವಾಗಿ ಚಿಕಿತ್ಸೆ ಕೊಡಲು ಇದಿಷ್ಟೇ ಸಾಲದು. ಅಕ್ಕನ ಮಗಳ ಎರಡನೇ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದೇ.

## ಎಂಫಿಲ್ ಎಲ್ಲಿ ಹೋಯಿತು?

ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವ ದಾರಿ ಇಷ್ಟು ವರ್ಷ ಸರಳವಾಗಿತ್ತು. ಎಂಎ ಅಥವಾ ಎಂಎಸ್ಸಿಯಲ್ಲಿ ಶೇಕಡಾ 55 ಅಂಕ, ಪ್ರವೇಶ ಪರೀಕ್ಷೆ, ಆಮೇಲೆ ಆರ್‌ಸಿಐ ಒಪ್ಪಿದ ಸಂಸ್ಥೆಯಲ್ಲಿ ಎರಡು ವರ್ಷದ ಎಂಫಿಲ್. ಹೆಸರು ಎಂಫಿಲ್ ಆದರೂ ಅದು ಬರೀ ಸಂಶೋಧನೆಯಲ್ಲ, ಆಸ್ಪತ್ರೆಯ ತರಬೇತಿ. ಸೀಟುಗಳು ಕಡಿಮೆ, ಪೈಪೋಟಿ ಜಾಸ್ತಿ.

ಯುಜಿಸಿ 2022ರ ನಿಯಮಗಳಲ್ಲಿ ಎಂಫಿಲ್ ಎಂಬ ಪದವಿಯನ್ನೇ ನಿಲ್ಲಿಸಿತು. ಬೇರೆ ವಿಷಯದವರಿಗೆ ಅದರಿಂದ ದೊಡ್ಡ ನಷ್ಟ ಆಗಲಿಲ್ಲ. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯದವರಿಗೆ ಮಾತ್ರ ಇದ್ದ ಮುಖ್ಯ ಸೇತುವೆಯೇ ಕುಸಿದ ಹಾಗಾಯಿತು, ಕಾಯ್ದೆಯಲ್ಲೇ ಆ ಪದವಿಯ ಹೆಸರಿದೆಯಲ್ಲ. ಅದಕ್ಕೆ ಈ ಎರಡಕ್ಕೆ 2025-26ರ ಸಾಲಿನವರೆಗೆ ವಿನಾಯಿತಿ ಕೊಟ್ಟರು. ಈ ಮಧ್ಯೆ ಆರ್‌ಸಿಐ ಹೊಸ ಏಣಿ ತಯಾರಿಸಿತು. ಅದರಲ್ಲಿ ಬಿಎಸ್ಸಿ ಆನರ್ಸ್ ಕ್ಲಿನಿಕಲ್ ಸೈಕಾಲಜಿ, ಎಂಎ ಕ್ಲಿನಿಕಲ್ ಸೈಕಾಲಜಿ, ಅದರ ಮೇಲೆ ಸೈಡಿ (PsyD) ಎಂಬ ಡಾಕ್ಟರೇಟ್ ಇವೆ. ಸೈಡಿ ಪಿಎಚ್‌ಡಿಯ ಹಾಗಲ್ಲ, ಚಿಕಿತ್ಸೆಯ ಅಭ್ಯಾಸಕ್ಕೇ ಒತ್ತು ಕೊಡುವ ಪದವಿ.

ಈಗ ಅರ್ಜಿ ಹಾಕುವವರು ಎಡವುವುದು ಇಲ್ಲೇ. ಹೆಸರಿನಲ್ಲಿ "ಕ್ಲಿನಿಕಲ್" ಎಂದಿರುವ ಎಂಎ ಎಲ್ಲವೂ ಆರ್‌ಸಿಐ ಒಪ್ಪಿದ್ದಲ್ಲ. ಒಪ್ಪಿಗೆ ಸಿಗುವುದು ಒಂದು ಸಂಸ್ಥೆಯ ಒಂದು ಕೋರ್ಸಿಗೆ, ಅದೂ ಇಂತಿಷ್ಟು ಸಾಲಿಗೆ ಎಂದು. ಕಾಲೇಜಿನ ಜಾಹೀರಾತು ನಂಬಬೇಡಿ. ಆರ್‌ಸಿಐ ಜಾಲತಾಣದ ಪಟ್ಟಿಯಲ್ಲಿ ಆ ಕಾಲೇಜು, ಆ ಕೋರ್ಸು, ನೀವು ಸೇರುವ ವರ್ಷ ಮೂರೂ ಇದೆಯಾ ನೋಡಿ. ಕಾಲೇಜಿಗೆ ಫೋನ್ ಮಾಡಿ ಇನ್ನೂ ಒಂದು ಮಾತು ಕೇಳಿ: "ನಾನು ರೋಗಿಯ ಜೊತೆ ಕೂತಾಗ ನನ್ನನ್ನು ನೋಡುವವರು ಯಾರು? ಯಾವ ಆಸ್ಪತ್ರೆಯಲ್ಲಿ?" ಒಳ್ಳೆಯ ಕೋರ್ಸಿನವರು ಆಸ್ಪತ್ರೆಯ ಹೆಸರು, ವಾರ್ಡು, ವಾರದ ದಿನ ಸಮೇತ ಹೇಳುತ್ತಾರೆ.

## ನಮ್ಮ ಜಿಲ್ಲೆಯಿಂದ ಎಲ್ಲಿಗೆ?

ಉತ್ತರ ಕನ್ನಡದಲ್ಲಿ ಸ್ವಂತ ವಿಶ್ವವಿದ್ಯಾಲಯ ಇಲ್ಲ. ನಮ್ಮ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅಲ್ಲಿ ಮನಶ್ಶಾಸ್ತ್ರ ವಿಭಾಗ ಇದೆ. ಅದೇ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಬ್ರಿಟಿಷರ ಕಾಲದ ಮಾನಸಿಕ ಆಸ್ಪತ್ರೆ ಬೆಳೆದು ಸಂಸ್ಥೆಯಾದದ್ದು. ಘಟ್ಟದ ಮೇಲಿನ ಎಷ್ಟೋ ಕುಟುಂಬಗಳಿಗೆ "ಧಾರವಾಡಕ್ಕೆ ಕರ್ಕೊಂಡು ಹೋಗೋದು" ಎಂದರೆ ಇವತ್ತಿಗೂ ಅದೇ ಅರ್ಥ. ಅದಕ್ಕೇ ಆ ಮಾತನ್ನು ದನಿ ತಗ್ಗಿಸಿ ಹೇಳುತ್ತಾರೆ. ಅಲ್ಲಿ ಕಲಿಯಲು ಹೋಗುವವರು ನಮ್ಮ ಮನೆಗಳಿಂದ ಹೆಚ್ಚಾದರೆ ಆ ದನಿಯೂ ಬದಲಾದೀತು ಎಂಬ ಆಸೆ ನನ್ನದು.

ಭಟ್ಕಳ, ಹೊನ್ನಾವರದವರಿಗೆ ಮಣಿಪಾಲ, ಮಂಗಳೂರು ಹತ್ತಿರ, ಕೊಂಕಣ ರೈಲೂ ಇದೆ. ಮಣಿಪಾಲದಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗ ಇದೆ. ಖಾಸಗಿ ಆದ್ದರಿಂದ ಶುಲ್ಕ ಜಾಸ್ತಿ. ಮಂಗಳೂರಿನ ರೋಶನಿ ನಿಲಯ ಸಮಾಜ ಕಾರ್ಯದ ಓದಿಗೆ ಹಳೆಯ ಹೆಸರು.

ಎಲ್ಲರ ಕಣ್ಣು ಬೆಂಗಳೂರಿನ ನಿಮ್ಹಾನ್ಸ್ ಮೇಲೆ. ಅದಕ್ಕೆ ಕಾರಣವಿದೆ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಮರುವರ್ಷವೇ ವೈದ್ಯಕೀಯ ಮನಶ್ಶಾಸ್ತ್ರದ ಡಿಪ್ಲೊಮಾ ಆರಂಭವಾಯಿತು, ನಂತರದ ಎಂಫಿಲ್‌ಗೆ ಅದೇ ಮೂಲ. 1974ರಲ್ಲಿ ಆ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ಪ್ರವೇಶ ಪರೀಕ್ಷೆ ದೇಶಮಟ್ಟದ್ದು.

ಓದಿ ಊರಿಗೆ ಬಂದರೆ ಕೆಲಸ ಇದೆಯಾ? 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಊರಿನ ಆಸ್ಪತ್ರೆಯಿಂದ ಹೊರತಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ನರ್ಸ್ ಎಲ್ಲರೂ ಜಿಲ್ಲಾ ತಂಡದಲ್ಲಿ ಇರಬೇಕು ಎಂಬುದು ಅದರ ನಿಯಮ. ನಮ್ಮ ಜಿಲ್ಲೆಗೆ ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜೂ ಇದೆ. ಶಾಲೆ, ವ್ಯಸನಮುಕ್ತಿ ಕೇಂದ್ರ, ಟೆಲಿಫೋನ್ ಸಹಾಯವಾಣಿ, ಖಾಸಗಿ ಆಸ್ಪತ್ರೆ ಇವೆಲ್ಲ ಬೇರೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು. ಬೇರೆ ಬೇರೆ ಕಾಯಿಲೆಗಳನ್ನು ನೋಡಿದರೆ, ಚಿಕಿತ್ಸೆ ಬೇಕಿದ್ದೂ ಸಿಗದವರು ಶೇಕಡಾ 70ರಿಂದ 92 ಎಂದು ಅದು ಕಂಡುಕೊಂಡಿತು.

ಬ್ರಿಟನ್‌ಗೆ ಹೋಗುವ ಯೋಚನೆ ಇರುವವರಿಗೆ ಒಂದು ಮಾತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2008ರಿಂದ ಮಾತಿನ ಚಿಕಿತ್ಸೆಯನ್ನು ಎರಡು ಹಂತ ಮಾಡಿ ಕೊಡುತ್ತಿದೆ, ಎರಡಕ್ಕೂ ಬೇರೆ ಬೇರೆ ಸ್ನಾತಕೋತ್ತರ ತರಬೇತಿ ಇದೆ. ಸೌಮ್ಯ ತೊಂದರೆಗೆ ಚಿಕ್ಕ ಅವಧಿಯ, ಸ್ವಸಹಾಯದ ಮಾರ್ಗದರ್ಶನ. ಹೆಚ್ಚಿನದಕ್ಕೆ ಪೂರ್ಣ ಸಿಬಿಟಿ. ವ್ಯವಸ್ಥೆ ಚೆನ್ನಾಗಿದೆ. ಆದರೆ ಅಲ್ಲಿನ ಎಂಎಸ್ಸಿ ಹಿಡಿದು ಬಂದ ಕೂಡಲೇ ಇಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಇಲ್ಲಿನ ನೋಂದಣಿ ಬೇರೆಯೇ.

## ಪದವಿ ಇಲ್ಲದವರು ಏನೂ ಮಾಡುವ ಹಾಗಿಲ್ವಾ?

ಮಾಡಬಹುದು. ಇದಕ್ಕೆ ಸಾಕ್ಷಿ ಕಾಳಿ ನದಿ ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುತ್ತದೆ. ಗೋವಾದಲ್ಲಿ ಸಂಗಾತ್ ಎಂಬ ಸಂಸ್ಥೆ 1996ರಿಂದ ಕೆಲಸ ಮಾಡುತ್ತಿದೆ. ಮನೋವೈದ್ಯ ವಿಕ್ರಮ್ ಪಟೇಲ್ ಅದರ ಸ್ಥಾಪಕರಲ್ಲಿ ಒಬ್ಬರು. ಅವರ ತಂಡ ಮಾನಸಿಕ ಆರೋಗ್ಯದ ಹಿನ್ನೆಲೆಯೇ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆ ಇದ್ದವರಿಗೆ ಆರರಿಂದ ಎಂಟು ಭೇಟಿಗಳ ಚಿಕಿತ್ಸೆ ಕೊಡಿಸಿತು. ಮೇಲೆ ಹೇಳಿದ "ಹತ್ತು ನಿಮಿಷ ತೋಟಕ್ಕೆ ಇಳಿಯಿರಿ" ತರದ್ದೇ. ಸಾಮಾನ್ಯ ಆರೈಕೆಗಿಂತ ಇದು ಚೆನ್ನಾಗಿ ಕೆಲಸ ಮಾಡಿತು ಎಂಬ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಲ್ಲೂ ಅವರ ಮಾತುಕತೆಯನ್ನು ಕೇಳಿ ತಿದ್ದುವ ವ್ಯವಸ್ಥೆ ಇತ್ತು. ಪದವಿ ಬಿಟ್ಟರು, ಮೇಲ್ವಿಚಾರಣೆ ಬಿಡಲಿಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ 66ರ ಮೇಲಿದ್ದವರು ಗಂಗಾವಳಿ ನದಿಯ ಪಾಲಾದರು. ನದಿಯಲ್ಲಿ ಮುಳುಗಿದ್ದ ಲಾರಿಯೊಂದನ್ನು ಮೇಲೆತ್ತುವಾಗ ಸೆಪ್ಟೆಂಬರ್ ಬಂದಿತ್ತು. ಆ ಎರಡು ತಿಂಗಳು ದಡದಲ್ಲಿ ಕಾಯುತ್ತಿದ್ದವರಿಗೆ ಬೇಕಾಗಿದ್ದದ್ದು ಸಿಬಿಟಿ ಅಲ್ಲ. ಇಂಥ ಹೊತ್ತಿಗೆ ಅಂತಲೇ ಮನಸ್ಸಿನ ಪ್ರಥಮ ಚಿಕಿತ್ಸೆ ಎಂಬುದಿದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಅದರ ಕೈಪಿಡಿ ತಂದಿತು. ನೋಡು, ಕೇಳು, ಜೋಡಿಸು ಎಂಬ ಮೂರೇ ಮಾತಿನಲ್ಲಿ ಅದರ ಸಾರ ಇದೆ. ಯಾರಿಗೆ ತುರ್ತು ಇದೆ ನೋಡು. ಒತ್ತಾಯ ಮಾಡದೆ, ಹೇಳಿದಷ್ಟು ಕೇಳು. ಊಟ, ಫೋನ್, ಅಧಿಕಾರಿ, ಬಂಧುಗಳ ಜೊತೆ ಜೋಡಿಸು. ಇದನ್ನು ಶಿಕ್ಷಕರು, ಆಶಾ ಕಾರ್ಯಕರ್ತೆಯರು, ದೋಣಿಯವರು ಯಾರೂ ಕಲಿಯಬಹುದು.

## ನಮ್ಮ ಮಾತು ಬಲ್ಲವರೇ ಯಾಕೆ ಬೇಕು

ಪಠ್ಯಪುಸ್ತಕದಲ್ಲಿ ಡಿಪ್ರೆಶನ್ ಎಂದಿರುತ್ತದೆ. ನಮ್ಮ ಕಡೆಯ ಹೆಂಗಸು ಬಂದು ಹಾಗೆ ಹೇಳುವುದಿಲ್ಲ. "ತಲೆಬಿಸಿ", "ಎದೆ ಭಾರ", "ಯಾವುದೂ ಬೇಡ ಅನಿಸ್ತದೆ", "ಮೈಯೆಲ್ಲ ಉರಿ", "ಗ್ಯಾಸ್" ಎನ್ನುತ್ತಾರೆ. ತಲೆಬಿಸಿ ಎಂದರೆ ಒಮ್ಮೆ ಬರೀ ಕಿರಿಕಿರಿ, ಒಮ್ಮೆ ವರ್ಷದಿಂದ ಕಾಡುವ ಆತಂಕ. ಯಾವುದು ಎಂದು ದನಿಯಿಂದ ಹಿಡಿಯಬೇಕು. ಕರಾವಳಿಯಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಘಟ್ಟದ ಮೇಲೆ ಹವ್ಯಕ ಕನ್ನಡ, ಹಾಲಕ್ಕಿಗಳ ಕನ್ನಡ ಹೀಗೆ ಮನಸ್ಸು ಒಂದೊಂದು ಕಡೆ ಒಂದೊಂದು ಮಾತಿನಲ್ಲಿ ತೆರೆದುಕೊಳ್ಳುತ್ತದೆ.

ಮೈಮೇಲೆ ಬರುವುದನ್ನೇ ತೆಗೆದುಕೊಳ್ಳಿ. ಜಾತ್ರೆಯ ದಿನ, ಕಟ್ಟುಪಾಡಿನಂತೆ, ಪಾತ್ರಿಯ ಮೇಲೆ ದೇವರು ಬಂದರೆ ಅದು ಕಾಯಿಲೆಯಲ್ಲ, ಆಚರಣೆ. ವೈದ್ಯಕೀಯ ವರ್ಗೀಕರಣವೂ ಈ ವ್ಯತ್ಯಾಸವನ್ನು ಒಪ್ಪುತ್ತದೆ. ಅದೇ ಒಬ್ಬ ಹುಡುಗಿಗೆ ಬೇಡ ಬೇಡ ಎಂದರೂ ದಿನಾ ಹಾಗಾಗಿ, ಶಾಲೆ ತಪ್ಪಿ, ಊಟ ಬಿಟ್ಟರೆ ನೋಡಬೇಕು. ಚೆನ್ನಾಗಿ ಕಲಿತವರು ಆ ಮನೆಯವರನ್ನು ನೋಡಿ ನಗುವುದಿಲ್ಲ. ಯಾವಾಗ ಶುರುವಾಯಿತು, ಅದಕ್ಕೆ ಮೊದಲು ಮನೆಯಲ್ಲಿ ಏನು ನಡೆಯಿತು ಎಂದು ಕೇಳುತ್ತಾರೆ.

ಊರು ಸಣ್ಣದಾದರೆ ಗುಟ್ಟು ಕಾಯುವುದು ಕಷ್ಟ. ಶಿರಸಿಯಲ್ಲಿ ದೇವಿಕೆರೆಯ ಹತ್ತಿರ ಒಂದು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದರೆ ಸಂಜೆಯೊಳಗೆ ನಾಲ್ಕು ಮನೆಗೆ ಗೊತ್ತಾಗುತ್ತದೆ. ರೋಗಿ ಹೇಳಿದ್ದನ್ನು ಗುಟ್ಟಾಗಿಡುವುದು 2017ರ ಕಾಯ್ದೆ ಕೊಟ್ಟ ಹಕ್ಕು. ಜೀವಕ್ಕೆ ಅಪಾಯ ಇದ್ದಾಗಿನಂಥ ಕೆಲವು ಸಂದರ್ಭ ಮಾತ್ರ ಹೊರತು. ಅಪ್ಪಯ್ಯನ ಗೆಳೆಯರ ಮಗನೇ ಎದುರಿಗೆ ಬಂದು ಕೂತರೆ ಏನು ಮಾಡಬೇಕು, ಮದುವೆಮನೆಯಲ್ಲಿ ಎದುರಾದರೆ ಗುರುತು ಹಿಡಿಯಬೇಕಾ ಎಂಬುದನ್ನೂ ತರಬೇತಿಯಲ್ಲಿ ಕೂತು ಚರ್ಚೆ ಮಾಡುತ್ತಾರೆ.

## ಓದಲು ಅಲ್ಲ, ಸಹಾಯಕ್ಕೆ ಹುಡುಕುತ್ತಿದ್ದರೆ

ಈ ವಿಷಯ ಓದುವವರಲ್ಲಿ ಕೋರ್ಸು ಹುಡುಕುವವರು ಕೆಲವರು. ಮನೆಯಲ್ಲಿ ಏನೋ ಆಗಿ, ದಾರಿ ಕಾಣದೆ ಓದುವವರೂ ಇರುತ್ತಾರೆ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿದ್ದಾರೆ. ಹೊರಡುವ ಮೊದಲು ನಿಮ್ಮ ತಾಲೂಕಿಗೆ ಯಾವ ವಾರ ಬರುತ್ತಾರೆ ಎಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಳ್ಳಿ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯ ಚೀಟಿ ಜೊತೆಗಿಟ್ಟುಕೊಳ್ಳಿ. ವೈದ್ಯರು ಹೇಳುವವರೆಗೆ ಆ ಮಾತ್ರೆ ನಿಲ್ಲಿಸಬೇಡಿ.